ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವಿನ ಮನೆ

“ನಡುಮಧ್ಯ ಮನಿ ಮಾಡೂಣು ಬಿಡ್ರಿ. ನೀವೂ ಅರ್ಧಾ ಅಡ್ಡಾಡ್ರಿ, ನಾನೂ ಅರ್ಧಾ ಅಡ್ಡಾಡತೇನಿ” ಎಂದು ನನ್ನ ಹೆಂಡತಿ ಅಂದದ್ದು ಸಿಟ್ಟಿನಲ್ಲಿ. ನಾನು ಅದನ್ನು ನಿಜವಾದ ಸಲಹೆ ಅಂದುಕೊಂಡುಬಿಟ್ಟೆ.

ಆಗ ನಾವು ಧಾರವಾಡದಲ್ಲಿ, ಕೆಲಗೇರಿ ಕೆರೆಯ ಕಡೆ ಬಾಡಿಗೆ ಮನೆಯಲ್ಲಿದ್ದೆವು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅವಳ ಕಚೇರಿ ಊರೊಳಗೇ ಇತ್ತು. ನನ್ನ ಕೆಲಸ ಹುಬ್ಬಳ್ಳಿಯಲ್ಲಿ, ಒಬ್ಬ ಹತ್ತಿ ವ್ಯಾಪಾರಿಯ ಅಂಗಡಿಯ ಲೆಕ್ಕ ನೋಡುವುದು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಜೋತುಬಿದ್ದು ಹೋಗಿ, ಸಂಜೆ ಜೋತುಬಿದ್ದು ಬರುವುದು. ನನಗೆ ಸಹನೆ ಕಡಿಮೆ. ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಕಂಡಕ್ಟರನನ್ನು, ಡ್ರೈವರನನ್ನು, ನನ್ನ ಕಾಲು ತುಳಿದವನನ್ನು, ಕೊನೆಗೆ ಹೆಂಡತಿಯನ್ನು ಬೈಯುತ್ತಿದ್ದೆ. “ನಿನಗೇನು, ಬಾಗಲದಾಗ ಆಫೀಸು” ಎಂದು ಒಂದು ದಿನ ಅಂದದ್ದಕ್ಕೆ ಅವಳು ಆ ಮಾತು ಆಡಿದ್ದು.

ಆಮೇಲೆ ನಾಲ್ಕೈದು ತಿಂಗಳು ರವಿವಾರ ಬಂತೆಂದರೆ ಸ್ಕೂಟರ್ ಹತ್ತಿ ಮನೆ ನೋಡುವುದೇ ನಮ್ಮ ಉದ್ಯೋಗವಾಯಿತು. ಮಗಳು ಮುಂದೆ ನಿಂತಿರುತ್ತಿದ್ದಳು, ಹೆಂಡತಿ ಹಿಂದೆ ಕೂತು ಹಾದಿಯುದ್ದಕ್ಕೂ ತಪ್ಪು ಹುಡುಕುತ್ತಿದ್ದಳು. ನನಗೆ ಹುಬ್ಬಳ್ಳಿಯ ದೇಶಪಾಂಡೆ ನಗರ ಇಷ್ಟ, ಅದು ನಮ್ಮ ಕೈಗೆ ಎಟುಕುವ ಮಾತಲ್ಲ. ಅವಳಿಗೆ ಧಾರವಾಡದ ಸಪ್ತಾಪುರ ಇಷ್ಟ, ಅಲ್ಲಿಗೆ ಹೋದರೆ ನನ್ನ ಜೋತುಬೀಳುವುದು ತಪ್ಪುವುದಿಲ್ಲ. ಉಣಕಲ್ಲಿನಲ್ಲಿ ಒಂದು ಮನೆಗೆ ಹೋದರೆ ಅಡಿಗೆಮನೆ ಕತ್ತಲೆ ಎಂದಳು. ರಾಯಾಪುರದಲ್ಲಿ ಒಂದು ಮನೆಗೆ ಹೋದರೆ ನೀರಿಲ್ಲ ಎಂದು ನಾನೇ ಹಿಂದಕ್ಕೆ ಬಂದೆ. ಕೊನೆಗೆ ನವನಗರ ಎಂದಾಯಿತು. ಅಲ್ಲಿಂದ ಹುಬ್ಬಳ್ಳಿಯ ಕಡೆಗೂ ಅರ್ಧ ತಾಸು, ಧಾರವಾಡದ ಕಡೆಗೂ ಅರ್ಧ ತಾಸು. ಅಂಗಳದಲ್ಲಿ ಒಂದು ಕರಿಬೇವು, ಓಣಿಯಲ್ಲಿ ಗಲಾಟೆ ಇಲ್ಲ, ಡಾಕ್ಟರು ಹತ್ತಿರ. ಎಲ್ಲಕ್ಕಿಂತ ಹೆಚ್ಚಿನದು ಶಾಲೆ. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಹೊಸದೊಂದು ಇಂಗ್ಲಿಷ್ ಶಾಲೆ ಶುರುವಾಗಿತ್ತು. ಅದರ ಹೆಸರು ಆಗಲೇ ಎರಡೂ ಊರಿನಲ್ಲಿ ಓಡಾಡುತ್ತಿತ್ತು. ಮಗಳಿಗೆ ಒಂದನೆಯ ತರಗತಿಗೆ ಸೀಟು ಸಿಕ್ಕ ದಿನ ನಾನು ಪೇಟೆಯಲ್ಲಿ ಎಲ್ಲರಿಗೂ ಚಹಾ ಕುಡಿಸಿದೆ.

ಓಣಿಯ ಮಂದಿ ನಕ್ಕರು. “ಊರೆಲ್ಲಾ ಸಾಲಿ ಕಲಿಯಾಕ ಧಾರವಾಡಕ್ಕ ಬರತೈತಿ, ಇವರು ಸಾಲಿ ಹುಡುಕ್ಕೋತ ಧಾರವಾಡ ಬಿಟ್ಟು ಹೊಂಟಾರ ನೋಡ್ರಿ” ಎಂದರು. ನಗಲಿ ಅಂದುಕೊಂಡೆ. ಇಷ್ಟು ನ್ಯಾಯವಾಗಿ ಆರಿಸಿದ ಮನೆ ಎರಡೂ ಊರಿನಲ್ಲಿ ಇನ್ನೊಂದಿಲ್ಲ ಎಂಬ ಜಂಬ ನನಗಿತ್ತು.

ಆ ನ್ಯಾಯದಲ್ಲಿ ನಾವು ಒಬ್ಬರನ್ನು ಸೇರಿಸಿರಲಿಲ್ಲ. ಅವರು ಹೆಂಡತಿಯ ತಾಯಿ, ನನ್ನ ಅತ್ತೆ. ನಮ್ಮ ಬಾಡಿಗೆ ಮನೆಯ ಹಿಂದಿನ ಓಣಿಯಲ್ಲಿ ಎರಡು ಕೋಣೆ ಹಿಡಿದು ಒಬ್ಬರೇ ಇದ್ದರು. ಮಗಳು ಅವರನ್ನು ‘ಆಯಿ’ ಅನ್ನುತ್ತಿದ್ದಳು. ಕೂಸು ಇದ್ದಾಗಿನಿಂದ ಅವಳ ಹಗಲು ಕಳೆದದ್ದು ಅಲ್ಲೇ. ಆಯಿ ಲಿಂಗಪೂಜೆಗೆ ಕೂತರೆ ಇವಳೂ ಪಕ್ಕದಲ್ಲಿ ಹಣೆತುಂಬ ವಿಭೂತಿ ಬಳಿದುಕೊಂಡು ಕೂಡುತ್ತಿದ್ದಳು. ರೊಟ್ಟಿ ಬಡಿಯುವಾಗ ಹಿಟ್ಟಿನಲ್ಲಿ ಕೈ ಹಾಕುತ್ತಿದ್ದಳು. ಒಬ್ಬರೇ ಇದ್ದರು ಅಂದೆನೆಂದು ಅವರನ್ನು ಪಾಪ ಅನ್ನುವುದು ಬೇಡ. ಸಂಜೆಯಾದರೆ ಗುಡಿಯ ಕಟ್ಟೆಯ ಮೇಲೆ ನಾಲ್ಕು ಮಂದಿ ಗೆಳತಿಯರ ಜೊತೆ ಹತ್ತಿಯ ಬತ್ತಿ ಹೊಸೆಯುತ್ತ ಕೂತು ಇಡೀ ಓಣಿಯ ಸಂಸಾರ ತೂಗುತ್ತಿದ್ದವರು ಅವರು.

ನನ್ನ ಜೊತೆ ಮಾತ್ರ ಅವರು ಮಾತಾಡುತ್ತಿರಲಿಲ್ಲ. ಮುನಿಸೇನಲ್ಲ, ನಮ್ಮ ಮಂದಿಯಲ್ಲಿ ಹಿಂದಿನಿಂದ ಬಂದ ಪದ್ಧತಿ. ಅಳಿಯನ ಮುಂದೆ ಅತ್ತೆ ಕೂಡಬಾರದು, ನೆಟ್ಟಗೆ ಮುಖ ನೋಡಿ ಮಾತಾಡಬಾರದು. ನಾನು ಒಳಗೆ ಕಾಲಿಟ್ಟರೆ ಸೆರಗು ತಲೆಯ ಮೇಲೆ ಬರುತ್ತಿತ್ತು, ಅವರು ಬಾಗಿಲ ಮರೆಗೆ ಸರಿಯುತ್ತಿದ್ದರು. ಹೇಳುವುದಿದ್ದರೆ ಅಲ್ಲಿಂದಲೇ ಮೊಮ್ಮಗಳಿಗೆ ಹೇಳುವುದು. “ನಿಮ್ಮಪ್ಪಾರಿಗೆ ಕೇಳವಾ, ಮಜ್ಜಿಗಿ ಕೊಡಲೇನು ಅಂತ.” ನಾನು ಎರಡು ಮಾರು ದೂರದಲ್ಲಿ ಕೂತು, “ಆಯಿಗೆ ಹೇಳವಾ, ಬ್ಯಾಡಂತ” ಅನ್ನುವುದು. ನಡುವೆ ಈ ಹುಡುಗಿ ಬೆರಳು ಚೀಪುತ್ತ ನಿಂತಿರುತ್ತಿದ್ದಳು. ಅದರ ಲಾಭವನ್ನು ಅವಳು ಬೇಗ ಕಂಡುಕೊಂಡಳು. ಒಮ್ಮೆ ಹದಿನೈದು ದಿನ ಮನೆಯಲ್ಲಿ ಶೇಂಗಾ ಉಂಡಿ ಮುಗಿಯುತ್ತಲೇ ಇರಲಿಲ್ಲ. ವಿಚಾರಿಸಿದರೆ, “ಅಪ್ಪಗ ಉಂಡಿ ಬೇಕಂತ” ಎಂದು ಇವಳೇ ನನ್ನ ಹೆಸರಿನಲ್ಲಿ ಬೇಡಿಕೆ ಇಟ್ಟಿದ್ದಳು. ಅಳಿಯ ಬಾಯಿಬಿಟ್ಟು ಕೇಳಿದ್ದಾನೆ ಎಂಬ ಹಿಗ್ಗಿನಲ್ಲಿ ಅವರು ಕಟ್ಟಿದ್ದೇ ಕಟ್ಟಿದ್ದು.

ಹೊಸ ಮನೆಯಲ್ಲಿ ಮೂಡಣ ದಿಕ್ಕಿಗೆ ಕಿಟಕಿ ಇರುವ ಸಣ್ಣ ಕೋಣೆಯೊಂದಿತ್ತು. ಅದು ಅತ್ತೆಯವರಿಗೆ ಎಂದು ನಾವಿಬ್ಬರೂ ಮೊದಲೇ ತೀರ್ಮಾನಿಸಿದ್ದೆವು. ಅವರನ್ನು ಕೇಳುವುದು ನಮಗೆ ಹೊಳೆಯಲೇ ಇಲ್ಲ. ಗೃಹಪ್ರವೇಶದ ದಿನ ಅವರು ನಸುಕಿನಲ್ಲೇ ಬಂದು ಊರಮಂದಿಗೆಲ್ಲ ಬಡಿಸಿ, ಪಾತ್ರೆ ತೊಳೆದಿಟ್ಟು, ಹೊತ್ತು ಇಳಿಯುತ್ತಲೇ ಚೀಲ ಹಿಡಿದುಕೊಂಡು ಬಾಗಿಲಿಗೆ ಬಂದರು. ಹೆಂಡತಿ ಕೋಣೆ ತೋರಿಸಿದಳು.

“ಯವ್ವಾ, ಇದು ನಿಂದ. ಇನ್ನ ಇಲ್ಲೇ ಇರು.”

“ಏನ ಮಾತಾಡತೀ? ಅವರನ್ನ ಹಡದಾಕಿ ಮುಗದದಾಗ ಇರೂವಾಗ, ಹೆಣ್ಣು ಕೊಟ್ಟಾಕಿ ನಾನು ಇಲ್ಲಿ ವಸ್ತಿ ಮಾಡಿದ್ರ ಮಂದಿ ಏನಂದಾರು? ಬೀಗರ ಮುಂದ ನಾ ಹೆಂಗ ಮಾರಿ ಎತ್ತಲಿ?”

ನನ್ನ ತಾಯಿ ನಮ್ಮ ಹಳ್ಳಿ ಮುಗದದಲ್ಲಿ ಅಣ್ಣನ ಜೊತೆ ಹೊಲ ಮನೆ ನೋಡಿಕೊಂಡು ಇದ್ದಳು. ಅವಳಿಗೆ ಪೇಟೆ ಅಂದರೆ ಆಗುತ್ತಿರಲಿಲ್ಲ, ಬಾ ಅಂದರೂ ಬರುವವಳಲ್ಲ. ಆದರೆ ಗಂಡನ ತಾಯಿ ಇರದ ಮನೆಯಲ್ಲಿ ಹೆಂಡತಿಯ ತಾಯಿ ಒಂದು ರಾತ್ರಿ ಉಳಿದರೂ ಅದು ಸರಿಯಲ್ಲ ಎಂಬುದು ಅತ್ತೆಯವರ ಕಟ್ಟುನಿಟ್ಟು. ಹಿಂದಿನ ಓಣಿಯಲ್ಲಿದ್ದಾಗ ಈ ಪ್ರಶ್ನೆಯೇ ಎದ್ದಿರಲಿಲ್ಲ. ಹಗಲೆಲ್ಲ ನಮ್ಮ ಮನೆಯವರಾಗಿದ್ದು, ರಾತ್ರಿ ತಮ್ಮ ಹಾಸಿಗೆಗೆ ಹೋಗುತ್ತಿದ್ದರು. ಆ ಒಂದು ಓಣಿಯ ಅಂತರ ಎಷ್ಟು ಬೆಲೆಬಾಳುವುದಾಗಿತ್ತು ಎಂದು ನಮಗೆ ಬಿಟ್ಟು ಬಂದ ಮೇಲೆ ತಿಳಿಯಿತು.

ಶಾಲೆ ಶುರುವಾಯಿತು. ಮಧ್ಯಾಹ್ನ ಮೂರಕ್ಕೆ ಹುಡುಗಿ ಮನೆಗೆ ಬರುತ್ತಾಳೆ, ನಾವಿಬ್ಬರೂ ನ್ಯಾಯವಾಗಿ ಒಂದೊಂದು ಊರಿನಲ್ಲಿ ಇರುತ್ತೇವೆ. ಮೊದಲೆರಡು ದಿನ ಪಕ್ಕದ ಮನೆಯವರು ಕೂಡಿಸಿಕೊಂಡರು. ಮೂರನೆಯ ದಿನ ಹೆಂಡತಿ ಸಂಜೆ ಬಂದು ನೋಡಿದರೆ ಅವರವ್ವ ಅಂಗಳದಲ್ಲಿ ಕೂತು ಮೊಮ್ಮಗಳ ತಲೆ ಬಾಚುತ್ತಿದ್ದಾರೆ. ಯಾರೂ ಕರೆದಿರಲಿಲ್ಲ. ಮಧ್ಯಾಹ್ನದ ಬಸ್ಸು ಹಿಡಿದು ಬಂದಿದ್ದರು. ಅವತ್ತಿನಿಂದ ಅದೇ ನಡೆಯಿತು. ಬೆಳಿಗ್ಗೆ ತಮ್ಮ ಪೂಜೆ, ಅಡಿಗೆ ಮುಗಿಸಿ, ಚೀಲದಲ್ಲಿ ರೊಟ್ಟಿ ಕಟ್ಟಿಕೊಂಡು ಬರುವುದು, ಸಂಜೆ ನನ್ನ ಹೆಂಡತಿ ಕಚೇರಿಯಿಂದ ಬಂದ ಕೂಡಲೇ ಎದ್ದು ಹೊರಡುವುದು. ನನ್ನ ಬಸ್ಸು ಬರುವ ಮೊದಲು ಅವರು ಮನೆ ಬಿಡಬೇಕು. ಅರ್ಧ ನನಗೆ, ಅರ್ಧ ಅವಳಿಗೆ ಎಂದು ಹಂಚಿಕೊಂಡ ಹಾದಿಯಲ್ಲಿ ಎಲ್ಲರಿಗಿಂತ ಹೆಚ್ಚು ತ್ರಾಸು ಪಟ್ಟವರು ಮನೆಯಲ್ಲಿ ಎಲ್ಲರಿಗಿಂತ ಹಿರಿಯರು.

ನಮಗೆ ಆಗ ಹಾಯೆನಿಸಿತು. ಅದನ್ನು ಹೇಳದೆ ಇರಲಾರೆ. ಮಗಳು ಬೆಚ್ಚಗೆ ಉಂಡಿರುತ್ತಿದ್ದಳು. ಅಡಿಗೆಮನೆಯಲ್ಲಿ ನನಗಿಷ್ಟವಾದ ಬದನೆಕಾಯಿ ಪಲ್ಯ ಮುಚ್ಚಿಟ್ಟಿರುತ್ತಿತ್ತು. “ಪಲ್ಯ ಭಾಳ ಛಲೋ ಆಗಿತ್ತು ಅಂತ ಆಯಿಗೆ ಹೇಳವಾ” ಎಂದು ನಾನು ರಾತ್ರಿ ಹೇಳಿದರೆ ಅದು ಮರುದಿನ ತಲುಪುತ್ತಿತ್ತು.

ಆದರೂ ದಿನಾ ಅತ್ತೆಯೂ ನಾನೂ ಭೇಟಿಯಾಗುತ್ತಿದ್ದೆವು. ನಾನು ಪಿ.ಬಿ. ರೋಡಿನಲ್ಲಿ, ನವನಗರದ ತನಕ ಮಾತ್ರ ಬರುವ ಬಸ್ಸಿನಿಂದ ಇಳಿಯುವ ಹೊತ್ತಿಗೆ ಅವರು ಧಾರವಾಡದ ಬಸ್ಸಿಗಾಗಿ ಕಾಯುತ್ತ ನಿಂತಿರುತ್ತಿದ್ದರು. ನಾನು ಬಂದದ್ದು ಕಂಡರೆ ಸೆರಗು ಎಳೆದುಕೊಂಡು ಪಾನ್ ಅಂಗಡಿಯ ಕಡೆ ಮುಖ ತಿರುಗಿಸುತ್ತಿದ್ದರು. ನಾನೂ ನೋಡದವನಂತೆ ರಸ್ತೆ ದಾಟುತ್ತಿದ್ದೆ. ಹುಬ್ಬಳ್ಳಿಯಲ್ಲಿ ತುಂಬಿದ ಬಸ್ಸುಗಳು ನಡುವಿನ ನಮ್ಮ ಸ್ಟಾಪಿನಲ್ಲಿ ನಿಲ್ಲುವುದು ಅವುಗಳ ಮನಸ್ಸಿಗೆ ಬಿಟ್ಟದ್ದು. ನಿಂತರೂ ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಲ್ಲುತ್ತಿದ್ದವು. ಅವರು ಚೀಲ ಅವುಚಿಕೊಂಡು ಓಡುತ್ತಿದ್ದರು. ನಾನು ಆಚೆ ಬದಿಯ ಲೈಟಿನ ಕಂಬದ ಮರೆಗೆ ನಿಂತು, ಅವರು ಹತ್ತಿದ್ದು ಖಾತ್ರಿಯಾದ ಮೇಲೆ ಮನೆಯ ಹಾದಿ ಹಿಡಿಯುತ್ತಿದ್ದೆ. ಹತ್ತಿರ ಹೋಗಿ ಕೈಹಿಡಿದು ಹತ್ತಿಸಿದರೆ ಅವರಿಗೆ ಸತ್ತಷ್ಟು ನಾಚಿಕೆಯಾಗುತ್ತದೆ ಎಂದು ನನಗೆ ಗೊತ್ತಿತ್ತು.

ಒಂದು ಸಲ ಜೋರು ಮಳೆ. ತಡೆಯದೆ ರಸ್ತೆ ದಾಟಿ ಹೋಗಿ ನನ್ನ ಛತ್ರಿ ಚಾಚಿದೆ. ಅವರು ಪಾನ್ ಅಂಗಡಿಯವನ ಕಡೆ ತಿರುಗಿ, “ಅವರಿಗೆ ಹೇಳ್ರಿ ಅಣ್ಣಾರ, ಛತ್ರಿ ಅವರಿಗೇ ಇರ್ಲಿ. ನಮ್ಮ ಬಸ್ ಬಂತು” ಎಂದರು. ಬಸ್ಸು ಎಲ್ಲಿಯೂ ಕಾಣುತ್ತಿರಲಿಲ್ಲ. ಪಾನ್ ಅಂಗಡಿಯವನು ಸುಣ್ಣ ಹಚ್ಚುವುದು ಬಿಟ್ಟು ನನ್ನ ಮುಖ ನೋಡಿದ. “ಛತ್ರಿ ನಿಮಗೇ ಇರ್ಲಿ ಅಂತ್ರಿ” ಎಂದು ಒಪ್ಪಿಸಿಯೂ ಬಿಟ್ಟ. ನಾನು ಛತ್ರಿಯನ್ನು ಅವನ ಅಂಗಡಿಯ ಕಟ್ಟೆಯ ಮೇಲೆ ಇಟ್ಟು ನೆನೆಯುತ್ತ ಮನೆಗೆ ಹೋದೆ. ಮರುದಿನ ಅದು ಒಣಗಿ, ಮಡಚಿ, ನಮ್ಮ ಮನೆಯ ಮೂಲೆಯಲ್ಲಿ ನಿಂತಿತ್ತು.

ಹೀಗೆಯೇ ಆರು ವರ್ಷ ನಡೆಯಿತು. ಶಾಲೆ ನಿಜಕ್ಕೂ ಚೆನ್ನಾಗಿತ್ತು, ಅದಕ್ಕೆ ಹೆಸರಿಡುವ ಹಾಗಿಲ್ಲ. ಮಗಳು ಆಯಿಯ ಮುಂದೆ ಕೂತು ಇಂಗ್ಲಿಷ್ ಪಾಠ ಗಟ್ಟಿಯಾಗಿ ಓದುತ್ತಿದ್ದಳು. ಒಂದಕ್ಷರ ತಿಳಿಯದಿದ್ದರೂ ಅವರು, ತಡವರಿಸಿದಲ್ಲಿ “ಹೂಂ, ಮತ್ತೊಮ್ಮೆ” ಅನ್ನುತ್ತಿದ್ದರಂತೆ. ಧಾರವಾಡದ ಗುಡಿಯ ಕಟ್ಟೆಯ ಮೇಲೆ ಗೆಳತಿಯರು ಬತ್ತಿ ಹೊಸೆಯುವ ಹೊತ್ತಿಗೆ ಅವರು ನಮ್ಮ ಸ್ಟಾಪಿನಲ್ಲಿ ನಿಂತಿರುತ್ತಿದ್ದರು. ಅದರ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ, ನಾವು ಕೇಳಲೂ ಇಲ್ಲ.

ಮಗಳು ಏಳನೆಯ ತರಗತಿಯಲ್ಲಿದ್ದಾಗ ಒಂದು ಸಂಜೆ ಅವರು ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟಿದ್ದಾಗಲೇ ಬಸ್ಸು ಹೊರಟಿತು. ಯಾರೋ ತೋಳು ಹಿಡಿದು ಒಳಗೆ ಎಳೆದುಕೊಂಡರು. ಮೊಣಕಾಲ ಕೆಳಗೆ ಉದ್ದಕ್ಕೆ ತರಚಿತು. ಅರಿಸಿನ ಹಚ್ಚಿಕೊಂಡು ಮರುದಿನವೂ ಬಂದರು. ಸೀರೆಯ ಮರೆಯಲ್ಲಿ ಇದ್ದದ್ದನ್ನು ಕಂಡುಹಿಡಿದು ನನಗೆ ಹೇಳಿದವಳು ಮಗಳು. ನಾನು ಎಂದಿನಂತೆ ಕೂಗಾಡಿದೆ. ಆ ರಾತ್ರಿ ಗಂಡ ಹೆಂಡತಿ ಕೂತು, ಇನ್ನು ಸಾಕು ಎಂದುಕೊಂಡೆವು. ಹುಡುಗಿ ತಿಳಿವಳಿಕೆ ಬಂದವಳು, ಕೀಲಿ ತೆಗೆದು ಒಳಗೆ ಕೂತು ಓದಬಲ್ಲಳು. ಅತ್ತೆಯವರು ದಣಿಯುವುದು ಬೇಡ. ರವಿವಾರ ನಾವೇ ಹೋದರಾಯಿತು.

ಹೇಳುವವರು ಯಾರು? “ನಾ ಹೇಳಿದ್ರ ಆಕಿ ಕೇಳಂಗಿಲ್ಲ. ನೀವು ಹೇಳ್ಯಾರ ಅಂದ್ರ ಎದುರಾಡಂಗಿಲ್ಲ” ಎಂದಳು ಹೆಂಡತಿ. ಅದು ಸರಿಯೇ ಅನಿಸಿತು. ಬೆಳಿಗ್ಗೆ ನಾನು ಮಗಳನ್ನು ಕೂಡಿಸಿಕೊಂಡು ಹೇಳಿದೆ: ಆಯಿಯ ಕಾಲಿಗೆ ಪೆಟ್ಟಾಗಿದೆ, ಇಷ್ಟು ವರ್ಷ ನಿನ್ನನ್ನು ಸಾಕಿದ್ದು ಅವರೇ, ನಮಗೆ ಅದರ ನೆನಪಿದೆ, ಈ ವಯಸ್ಸಿನಲ್ಲಿ ಬಸ್ಸಿನ ಹಿಂದೆ ಓಡುವುದು ನೋಡಲಾಗುವುದಿಲ್ಲ, ಇರುವುದಾದರೆ ಇಲ್ಲಿಯೇ ಬಂದು ಇರಲಿ, ಕೋಣೆ ಹಾಗೆಯೇ ಇದೆ, ಇಲ್ಲವೆಂದರೆ ದಿನಾ ಬರುವ ತ್ರಾಸು ಬೇಡ. ಅವಳು ಬೂಟಿನ ಲೇಸು ಕಟ್ಟುತ್ತ ಹೂಂ ಹೂಂ ಅಂದಳು.

ಸಂಜೆ ನಾನು ಇಳಿದಾಗ ಸ್ಟಾಪಿನಲ್ಲಿ ಅವರು ಇರಲಿಲ್ಲ. ಮನೆಯಲ್ಲಿ ಹೆಂಡತಿ ಸಪ್ಪಗೆ ಕೂತಿದ್ದಳು. ಅವಳು ಬರುವಷ್ಟರಲ್ಲೇ ಅವರು ಹೊರಟುಹೋಗಿದ್ದರು. ಅವರ ಹತ್ತಿರ ಇರುತ್ತಿದ್ದ ನಮ್ಮ ಮನೆಯ ಕೀಲಿ ಗೂಡಿನಲ್ಲಿತ್ತು. ಅವರ ತಾಟು, ತಂಬಿಗೆ ತೊಳೆದು ಬೋರಲು ಹಾಕಿದ್ದವು.

“ಏನಂತ ಹೇಳಿದೀ ಆಯಿಗೆ?” ಎಂದು ಮಗಳನ್ನು ಕೇಳಿದೆ.

“ನೀವು ಹೇಳಿದ್ದ ಹೇಳೀನಿ. ಆಯಿ, ನಾಳಿಂದ ನೀ ಬರಬ್ಯಾಡ, ಅಪ್ಪ ಹೇಳ್ಯಾರ ಅಂದ್ನಿ.”

“ಆಯಿ ಏನಂದ್ರು?”

“ಹೌದನು, ಛಲೋ ಆತು ಬಿಡು ಅಂದ್ಲು.”

ಹುಡುಗಿಯನ್ನು ಏನೆಂದು ಬೈಯುವುದು? ನಾನು ಹೇಳಿದ್ದರಲ್ಲಿ ಅವಳು ಸುಳ್ಳು ಸೇರಿಸಿರಲಿಲ್ಲ. ಉದ್ದನೆಯ ಮಾತನ್ನು ಮಕ್ಕಳು ಹೇಗೆ ಮೊಟಕು ಮಾಡುತ್ತಾರೋ ಹಾಗೆ ಮಾಡಿದ್ದಳು. ಆ ರವಿವಾರ ಹೆಂಡತಿ ಹೋಗಿ ಬಿಡಿಸಿ ಬಿಡಿಸಿ ಹೇಳಿ ಬಂದಳು. “ನಂಗೇನೂ ಬ್ಯಾಸರಿಲ್ಲವ್ವಾ, ನನಗೂ ಸಾಕಾಗಿತ್ತು” ಅಂದರಂತೆ. ನಾನು ಮಾತ್ರ ಹೋಗಿ ಮಾತಾಡಲಿಲ್ಲ. ಮದುವೆಯಾದಾಗಿನಿಂದ ನಡೆದು ಬಂದ ಪದ್ಧತಿ, ಮುರಿಯಲು ಬಾಯಿ ಬರಲಿಲ್ಲ.

ಆಮೇಲೆ ಅವರು ಬಂದರೆ ಹಬ್ಬಕ್ಕೆ ಬರುತ್ತಿದ್ದರು. ನಾನು ಇಲ್ಲದ ಹೊತ್ತು ನೋಡಿಯೇ ಬರುತ್ತಿದ್ದರು. ಬಂದವರು ಪಡಸಾಲೆಯ ಕುರ್ಚಿಯ ತುದಿಯಲ್ಲಿ ಕೂತು, ಕೊಟ್ಟದ್ದನ್ನು ತಿಂದು, ಎಲೆ ಅಡಿಕೆ ಹಾಕಿಕೊಂಡು ಎದ್ದುಬಿಡುತ್ತಿದ್ದರಂತೆ. ನಮ್ಮ ಅಡಿಗೆಮನೆಯ ಯಾವ ಡಬ್ಬಿಯಲ್ಲಿ ಏನಿದೆ ಎಂದು ನನ್ನ ಹೆಂಡತಿಗಿಂತ ಚೆನ್ನಾಗಿ ಬಲ್ಲವರು, ನೀರು ಬೇಕಾದರೆ ಕೇಳಿ ಇಸಿದುಕೊಳ್ಳುತ್ತಿದ್ದರು ಎಂದು ಹೇಳಿ ಅವಳು ಅತ್ತಳು.

ನಾವು ರವಿವಾರ ಹೋಗುವುದೂ ಬರಬರುತ್ತ ತಪ್ಪಿತು. ಒಳ್ಳೆಯ ಶಾಲೆಗೆ ಒಳ್ಳೆಯ ಟ್ಯೂಷನ್ನೂ ಬೇಕಂತೆ. ರವಿವಾರ ಬೆಳಿಗ್ಗೆ ಗಣಿತ, ಮಧ್ಯಾಹ್ನ ವಿಜ್ಞಾನ.

ಮಗಳು ಹತ್ತನೆಯ ತರಗತಿಗೆ ಬಂದ ವರ್ಷ, ಚಳಿಗಾಲದಲ್ಲಿ, ಅತ್ತೆಗೆ ಆರಾಮಿಲ್ಲ ಎಂದು ಕೇಳಿ ನಾನು ಅರ್ಧ ದಿನ ರಜೆ ಹಾಕಿ ಒಬ್ಬನೇ ಧಾರವಾಡಕ್ಕೆ ಹೋದೆ. ಅವರು ಬಾಗಿಲ ಬಿಸಿಲಿನಲ್ಲಿ ಕೂತಿದ್ದರು, ತುಂಬ ಸಣ್ಣಗಾಗಿದ್ದರು. ನನ್ನನ್ನು ಕಂಡವರೇ ಗೋಡೆ ಹಿಡಿದು ಎದ್ದು, ಸೆರಗು ಹೊದ್ದು ಒಳಗೆ ಹೋದರು. ನಾನು ಹೊರಗಿನ ಕೋಣೆಯಲ್ಲಿ ಕೂತೆ. ನಡುವೆ ನಿಂತು ಮಾತು ಮುಟ್ಟಿಸಲು ಯಾರೂ ಇರಲಿಲ್ಲ. ಒಳಗೆ ಸ್ಟೋವಿನ ಸದ್ದು ಕೇಳಿತು. ಬಾಗಿಲ ಬಳಿ ಒಂದು ಕೈ ಬಂದು ಹೊಸ್ತಿಲ ಮೇಲೆ ಚಹಾದ ಕಪ್ಪು ಇಟ್ಟು ಹೋಯಿತು.

ಆಗ ನಾನು ಬಾಗಿಲಿಗೆ ಹೇಳಿದೆ. ಅವತ್ತು ಮಗಳಿಗೆ ಹೇಳಿ ಕಳಿಸಿದ ಮಾತುಗಳನ್ನೆಲ್ಲ ಒಂದೂ ಬಿಡದೆ ಹೇಳಿದೆ. ಬರಬೇಡಿ ಅಂದದ್ದು ನಿಮ್ಮ ಕಾಲಿನ ಸಲುವಾಗಿ, ಮನೆ ನಿಮ್ಮದು, ಮೊನ್ನೆ ಮುಗದಕ್ಕೆ ಹೋದಾಗ ನನ್ನ ತಾಯಿಯೇ ಅವರನ್ನು ನಿನ್ನ ಮನೆಗೆ ಕರೆದುಕೊಂಡು ಹೋಗು ಅಂದಿದ್ದಾಳೆ, ಈಗಲಾದರೂ ಬಂದು ಇರಿ ಎಂದೆ. ನನ್ನ ದನಿ ನನಗೇ ಬೇರೆಯವರದಂತೆ ಕೇಳಿಸಿತು.



“ಚಹಾ ಆರತೈತ್ರಿ” ಎಂದರು. ಅದು ನನಗೇ ಅಂದದ್ದು. ಆಮೇಲೆ ಮೆಲ್ಲಗೆ, “ಬ್ಯಾಡ ಅಂತ ಹೇಳಿದಾಕಿ ಹುಡುಗಿ. ಆಕೀನ ಬಂದು ಕರೀಲಿ. ಕೈಹಿಡದು ಕರಕೊಂಡು ಹೋಗಲಿ, ಬರತೇನಿ. ಇಷ್ಟು ಆಕಿಗೆ ಹೇಳ್ರಿ” ಎಂದರು.

ಬರುವಾಗ ಬಸ್ಸಿನಲ್ಲಿ ನನಗೆ ಎಷ್ಟೋ ವರ್ಷಗಳ ಮೇಲೆ ಮನಸ್ಸು ಹಗುರವಾಗಿತ್ತು. ಮನೆಗೆ ಬಂದರೆ ಹುಡುಗಿ ಕೋಣೆಯ ಬಾಗಿಲು ಹಾಕಿಕೊಂಡು ಓದುತ್ತಿದ್ದಳು. ಅದೇ ಮೂಡಣ ಕಿಟಕಿಯ ಕೋಣೆ. ಮುಂದಿನ ವಾರದಿಂದ ಶಾಲೆಯ ಪೂರ್ವಸಿದ್ಧತಾ ಪರೀಕ್ಷೆ, ಅದರ ಬೆನ್ನಿಗೆ ದೊಡ್ಡ ಪರೀಕ್ಷೆ. “ಈಗ ಹೇಳಬ್ಯಾಡ್ರಿ. ಆಯಿ ಅಂದ್ರ ಆಕಿ ಜೀವ. ಹಿಂಗಾಗ್ಯಾಳ ಅಂತ ಗೊತ್ತಾದ್ರ ಪುಸ್ತಕ ಮುಟ್ಟಂಗಿಲ್ಲ. ಪರೀಕ್ಷಾ ಮುಗದ ಮರುದಿನ ಮೂರೂ ಮಂದಿ ಹೋಗಿ ಕರಕೊಂಡು ಬರೂಣು” ಎಂದಳು ಹೆಂಡತಿ. ಆಮೇಲೆ ಅವಳು ದಿನಾ ಕಚೇರಿ ಬಿಟ್ಟ ಮೇಲೆ ತಾಯಿಯನ್ನು ನೋಡಿಕೊಂಡೇ ಬರುತ್ತಿದ್ದಳು. ಮಗಳ ಮುಂದೆ ಕೆಲಸ ಹೆಚ್ಚು ಎಂದು ಹೇಳುತ್ತಿದ್ದಳು. “ಹುಡುಗಿಗೆ ಹೇಳ್ಯಾರೇನು ಅವರು?” ಎಂದು ಅತ್ತೆ ಎರಡು ಸಲ ಕೇಳಿದ್ದರು. ಹೇಳ್ಯಾರ, ಬರತಾಳ ಎಂದು ಅವಳು ಸಮಾಧಾನ ಮಾಡಿದ್ದಳು.

ದೊಡ್ಡ ಪರೀಕ್ಷೆ ಇನ್ನೂ ಶುರುವಾಗಿರಲಿಲ್ಲ, ಅವರು ಹೋಗಿಬಿಟ್ಟರು. ಒಂದು ಬೆಳಿಗ್ಗೆ, ಪೂಜೆಗೆ ನೀರು ತುಂಬಿಟ್ಟುಕೊಂಡು ಕೂತವರು ಏಳಲಿಲ್ಲ.

ಮಗಳು ಪರೀಕ್ಷೆ ಬರೆದಳು. ಒಳ್ಳೆಯ ಅಂಕ ಬಂದವು, ಶಾಲೆಯವರು ಮನೆಗೆ ಫೋನು ಮಾಡಿ ಹೊಗಳಿದರು. ಆ ಸಂಜೆ ಪಡಸಾಲೆಯಲ್ಲಿ ಮೂವರೇ ಕೂತಿದ್ದಾಗ ನಾನು ಅವಳಿಗೆ ಎಲ್ಲ ಹೇಳಿದೆ. ಆಯಿ ಏನು ಕೇಳಿದ್ದರು, ನಾವು ಏಕೆ ತಡೆದೆವು, ಎಲ್ಲವನ್ನೂ. ಅತ್ತು ರಂಪ ಮಾಡುತ್ತಾಳೆ ಎಂದು ಹೆದರಿದ್ದೆ. ಅವಳು ಅಳಲಿಲ್ಲ. ನನ್ನ ಮುಖ ನೋಡಿ ಕೇಳಿದಳು.

“ಯಾಕ ಹೇಳಲಿಲ್ಲ ಅಪ್ಪಾ? ಅರ್ಧ ತಾಸಿನ ಹಾದಿ ಅಲ್ಲ?”

ಹೌದು, ಅರ್ಧ ತಾಸಿನ ಹಾದಿ. ಅಷ್ಟೇ ಇದೆ ಎಂದೇ ನಾವು ಆ ಮನೆ ಆರಿಸಿದ್ದೆವು.